ಬೀಗದಣ್ಣ ಕಲಿತ ವಿದ್ಯೆ

ಅರ್ಜಿ ಹಾಕಿದ್ದು ಬೀಗದಣ್ಣನಲ್ಲ, ಪಕ್ಕದ ಜೆರಾಕ್ಸ್ ಅಂಗಡಿಯ ಅಕ್ಕ. ಹಳೇ ಪೇಟೆಯ ಆ ಇಕ್ಕಟ್ಟು ಬೀದಿಯಲ್ಲಿ ಯಾರಿಗೆ ಏನು ಬೇಕೆಂಬುದು ಅವರಿಗಿಂತ ಮೊದಲು ಅವಳಿಗೆ ಗೊತ್ತಾಗುತ್ತಿತ್ತು. 'ನಗರದ ಸಣ್ಣ ವ್ಯಾಪಾರಿಗಳ ಏಳಿಗೆಗೆ ಒಂದು ದಿನದ ಉಚಿತ ತರಬೇತಿ' ಎಂಬ ಅರ್ಜಿಯನ್ನು ನೂರು ಪ್ರತಿ ಮಾಡಲು ಯಾರೋ ತಂದುಕೊಟ್ಟದ್ದೇ ತಡ, ಅಕ್ಕ ನೂರೊಂದನೆಯದನ್ನೂ ತೆಗೆದಳು. ಬೀಗದಣ್ಣನ ಪರವಾಗಿ ತುಂಬಿ, ಸಹಿಯನ್ನೂ ತಾನೇ ಗೀಚಿ ಕಳಿಸಿಬಿಟ್ಟಳು.

"ಶನಿವಾರ ಅಂತೆ ಅಣ್ಣ. ಹೋಗಿ ಬನ್ನಿ. ನೀವು ಮೇಲೆ ಬರೋದು ಯಾವಾಗ?"

"ಶನಿವಾರ ಅಂಗಡಿ ಮುಚ್ಚಿದ್ರೆ ಮೇಲೆ ಬರೋದಲ್ಲ ತಾಯಿ, ಮೇಲಕ್ಕೇ ಹೋಗ್ತೀನಿ!"

ವಾರವಿಡೀ ಕೆಟ್ಟ ಬೀಗದೊಂದಿಗೆ ಒದ್ದಾಡಿದ ಜನಕ್ಕೆ ಬೀಗದಣ್ಣನ ನೆನಪಾಗುತ್ತಿದ್ದುದು ಶನಿವಾರವೇ. ಆದರೆ ಹೆಂಡತಿಯೂ ಅಕ್ಕನ ಕಡೆ ಸೇರಿದಳು. "ಇಪ್ಪತ್ತಾರು ವರ್ಷ ನಿಮ್ಮ ಬುದ್ಧೀಲೇ ನಡೆಸಿದ್ರಲ್ಲ, ಒಂದು ದಿನ ಬೇರೆಯವರ ಬುದ್ಧಿ ಕೇಳಿ ನೋಡಿ" ಎಂದು ಇಸ್ತ್ರಿ ಮಾಡಿದ ಅಂಗಿ ಕೈಗಿಟ್ಟಳು.

ತರಬೇತಿ ಕಟ್ಟಡದ ಬಾಗಿಲಲ್ಲೇ ಕಾವಲುಗಾರ ಅವನ ಉಪಕರಣದ ಚೀಲ ಕಿತ್ತಿಟ್ಟುಕೊಂಡ. "ಕಬ್ಬಿಣದ ಸಾಮಾನು ಒಳಗೆ ಬಿಡಲ್ಲ." ಚೀಲ ಕಳೆದುಕೊಂಡ ಬೀಗದಣ್ಣನಿಗೆ ನಡುಬೀದಿಯಲ್ಲಿ ಪಂಚೆ ಜಾರಿದಂತಾಯಿತು.

ಒಳಗೆ ನಲವತ್ತು ಜನ. ಬಳೆ ಅಂಗಡಿಯವಳು, ಟೈಲರು, ಚಪ್ಪಲಿ ಹೊಲಿಯುವವನು, ಎಲ್ಲರೂ ಶನಿವಾರದ ವ್ಯಾಪಾರ ಬಿಟ್ಟು ಬಂದವರೇ. ಎದುರಿಗೆ ಕೋಟು ತೊಟ್ಟ ತರಬೇತುದಾರ. ಬೀಗದಣ್ಣ ಕೀ ಉಜ್ಜುವ ಅರಕ್ಕೇ ಅವನಿಗಿಂತ ಹೆಚ್ಚು ವಯಸ್ಸಾಗಿತ್ತು.

"ವ್ಯಾಪಾರದ ಗುಟ್ಟು ಒಂದೇ," ಎಂದ ತರಬೇತುದಾರ. "ಒಂದು ಸಲ ಬಂದ ಗ್ರಾಹಕ ಮತ್ತೆ ಮತ್ತೆ ಬರಬೇಕು. ನಿಮ್ಮಲ್ಲಿ ಬರ್ತಾರಾ?"

"ಇಲ್ಲ ಸ್ವಾಮಿ. ಬೀಗ ಸರಿಯಾಗಿ ರಿಪೇರಿ ಮಾಡಿಕೊಟ್ರೆ ಯಾಕೆ ಬರ್ತಾರೆ?"

"ನೋಡಿ, ಅದೇ ನಿಮ್ಮ ಸಮಸ್ಯೆ!"

ಬೀಗದಣ್ಣನ ಕಿವಿ ಕೆಂಪಾಯಿತು. ಮುಂದೆ ಎಲ್ಲರಿಗೂ ಹಸಿರು ಚೀಟಿ ಹಂಚಿ, ಅವರವರ ಕನಸು ಬರೆಯಲು ಹೇಳಿದರು. ಬೀಗದಣ್ಣ ಬರೆದ: 'ಅಂಗಡಿ ಮುಂದೆ ಅಗೆದುಬಿಟ್ಟಿರುವ ಚರಂಡಿ ಮುಚ್ಚಬೇಕು.'

ತರಬೇತುದಾರ ಓದಿ ಮುಖ ಕಿವುಚಿದ. "ಇದು ಕನಸಲ್ಲ ಸಾರ್, ದೂರು. ದೂರು ಹಳದಿ ಚೀಟೀಲಿ ಬರೀಬೇಕು."

"ಹಳದೀಲಿ ಬರೆದ್ರೆ ಮುಚ್ಚುತ್ತಾರಾ?"

"ಇಲ್ಲ, ಹಳದಿ ಚೀಟಿ ಇವತ್ತು ತಂದಿಲ್ಲ."

ಬೀಗದಣ್ಣ ಎದ್ದು ನಿಂತ. "ಏನ್ರೀ ಇದು? ಚರಂಡಿ ದಾಟಿ ಬರೋಕಾಗದೆ ಗಿರಾಕಿ ವಾಪಸ್ ಹೋಗ್ತಿದ್ದಾರೆ. ಅದನ್ನ ಬಿಟ್ಟು ಬಣ್ಣದ ಚೀಟಿ ಕೊಟ್ಟು ಕೂಡಿಸ್ತೀರಲ್ಲ, ನಾವೇನು ಬಾಲವಾಡಿ ಮಕ್ಕಳಾ?"

"ಕೋಪ ಒಳ್ಳೇದು," ಎಂದ ತರಬೇತುದಾರ ನಗುನಗುತ್ತಾ. "ಅದನ್ನ ಶಕ್ತಿಯಾಗಿ ಬದಲಾಯಿಸೋದು ಹೇಗೆ ಅಂತ ಊಟ ಆದ್ಮೇಲೆ ಹೇಳಿಕೊಡ್ತೀನಿ."

ಊಟ ಮುಗಿದ ಮೇಲೆ ಮುಖ್ಯ ಅಧಿಕಾರಿ ಬಂದರು. ಪ್ರಮಾಣಪತ್ರಗಳ ಕಟ್ಟು ಕಾರಿನಲ್ಲೇ ಉಳಿದಿದ್ದರಿಂದ, ತರಬೇತುದಾರ ಅದನ್ನು ತರಲೆಂದು ಬಾಗಿಲು ಎಳೆದ. ಹಿಡಿ ಅವನ ಕೈಗೇ ಬಂತು. ಬೀಗ ಹಲ್ಲುಕಚ್ಚಿ ಕೂತಿತು. ಅಷ್ಟರಲ್ಲಿ ಕರೆಂಟೂ ಹೋಗಿ ಫ್ಯಾನುಗಳು ನಿಂತವು.

"ಯಾರೂ ಗಾಬರಿ ಆಗ್ಬೇಡಿ," ಎಂದ ತರಬೇತುದಾರ, ಗಾಬರಿಯಿಂದ. "ಇದನ್ನೂ ಒಂದು ಅವಕಾಶ ಅಂತ ನೋಡಿ."

ಅಧಿಕಾರಿ ಕಟ್ಟಡದ ಉಸ್ತುವಾರಿಯವರಿಗೆ ಫೋನು ಮಾಡಿದರು. ಸೋಮವಾರ ಬರುತ್ತೇವೆಂದು ಉತ್ತರ ಬಂತು. ಅಧಿಕಾರಿಯ ಹಣೆಯಲ್ಲಿ ಬೆವರು ಸೋರುವ ನಲ್ಲಿಯಂತೆ ತೊಟ್ಟಿಕ್ಕತೊಡಗಿತು.

"ಸರೀರಿ ಆ ಕಡೆ," ಎನ್ನುತ್ತಾ ಬೀಗದಣ್ಣ ಮುಂದೆ ಬಂದ. ಬಳೆ ಅಂಗಡಿಯವಳ ತಲೆಪಿನ್ನು, ಊಟದ ಡಬ್ಬಿಯ ಚಮಚ ಇಸಿದುಕೊಂಡು ಬಾಗಿಲ ಮುಂದೆ ಮಂಡಿಯೂರಿದ.

"ಬಲಕ್ಕೆ ತಿರುಗಿಸಿ ನೋಡಿ ಸಾರ್," ಎಂದು ಹಿಂದಿನಿಂದ ತರಬೇತುದಾರನ ಸಲಹೆ ಬಂತು.

"ಬಾಯಿಗೆ ಬೀಗ ಹಾಕ್ಕೊಂಡು ನಿಲ್ಲಿ!" ಎಂದ ಬೀಗದಣ್ಣ.

ಮೂರೇ ನಿಮಿಷ. ಟಕ್ ಎಂದಿತು, ಬಾಗಿಲು ತೆರೆಯಿತು, ನಲವತ್ತು ಜನ ಚಪ್ಪಾಳೆ ತಟ್ಟಿದರು. ಅಧಿಕಾರಿ ಅವನನ್ನು ತಬ್ಬಿಕೊಂಡು ಫೋಟೋ ತೆಗೆಸಿಕೊಂಡರು.

"ನೀವು ಇಲ್ಲಿಗೆ ಬಂದದ್ದು ಯಾವಾಗ?"

"ಬೆಳಿಗ್ಗೆ ಒಂಬತ್ತಕ್ಕೆ ಸಾರ್."

"ಈಗ ಮೂರು. ಇಷ್ಟರಲ್ಲೇ ಬೀಗ ತೆಗೆದುಬಿಟ್ರಿ! ಅದ್ಭುತ, ಅದ್ಭುತ!" ಎಂದು ಅಧಿಕಾರಿ ಏನನ್ನೋ ಬರೆದುಕೊಂಡರು. ಆಗ ಬೀಗದಣ್ಣನಿಗೆ ಅದರ ಅರ್ಥವಾಗಲಿಲ್ಲ. ಸಿಟ್ಟು ಮಾತ್ರ ಸ್ವಲ್ಪ ಇಳಿದಿತ್ತು. ಕೊನೆಗೂ ತನ್ನ ಕೈಚಳಕಕ್ಕೆ ಒಂದು ಬೆಲೆ ಬಂತಲ್ಲ!

ಸಂಜೆ ಚೀಲ ಬಿಡಿಸಿಕೊಂಡು ಬೀದಿಗೆ ಬಂದರೆ ಅಂಗಡಿಯ ಮುಂದೆ ಜನವೋ ಜನ. ಎದೆ ಉಬ್ಬಿತು. ಚರಂಡಿಯನ್ನು ಒಂದೇ ನೆಗೆತಕ್ಕೆ ದಾಟಿ ಮುಂದೆ ನುಗ್ಗಿದ. ಮುಚ್ಚಿದ ಶಟರಿನ ಮೇಲೆ ಹಾಳೆಗೆ ಹಾಳೆ ಜೋಡಿಸಿದ ಆಳೆತ್ತರದ ಪೋಸ್ಟರು. ಅಧಿಕಾರಿಯ ತೋಳಿನಲ್ಲಿ ಹಲ್ಲುಗಿಂಜುತ್ತಿರುವ ತಾನು. ಕೆಳಗೆ ದಪ್ಪಕ್ಷರದಲ್ಲಿ:

'ಬೆಳಿಗ್ಗೆ ಒಂಬತ್ತಕ್ಕೆ ಬಂದರು, ಮೂರಕ್ಕೆ ಬೀಗ ತೆರೆದರು! ನಮ್ಮ ತರಬೇತಿಯಲ್ಲಿ ಆರೇ ಗಂಟೆಗಳಲ್ಲಿ ಬೀಗ ರಿಪೇರಿ ಕಲಿತ ಸಾಧಕ!'

"ಯಾರು ಇದನ್ನ ಅಂಟಿಸಿದ್ದು?" ಎಂದು ಬೀಗದಣ್ಣ ಗುಡುಗಿದ.

"ನಾನೇ ಅಣ್ಣ!" ಎಂದಳು ಅಕ್ಕ, ಗೋಂದಿನ ಕೈ ಒರೆಸಿಕೊಳ್ಳುತ್ತಾ. "ಅರ್ಜೀಲಿ ನನ್ನ ನಂಬರೇ ಬರೆದಿದ್ನಲ್ಲ, ಆಫೀಸಿನೋರು ಫೋನಿಗೆ ಕಳಿಸಿದ್ರು. ಪೇಟೆಗೆಲ್ಲ ಅಂಟಿಸಿ ಅಂದ್ರು, ಅಂಟಿಸಿಬಿಟ್ಟೆ."

"ಓದಬಾರದೇನೇ? ಇಪ್ಪತ್ತಾರು ವರ್ಷದಿಂದ ನಿನ್ನ ಪಕ್ಕದಲ್ಲೇ ಕೂತಿದ್ದೀನಿ!"

"ಪ್ರಿಂಟ್ ತೆಗೆಯೋರೆಲ್ಲ ಓದ್ತಾ ಕೂತ್ರೆ ಅಂಗಡಿ ನಡೆದಂಗೇ ಅಣ್ಣ."

ಬೀದಿಗೆ ಹೊಸದಾಗಿ ಬಾಡಿಗೆಗೆ ಬಂದಿದ್ದ ಅಜ್ಜಿಯೊಬ್ಬರು, ಬೀರುವಿನ ಬೀಗವನ್ನು ಸೆರಗಿನಲ್ಲಿ ಸುತ್ತಿಕೊಂಡು, ಪೋಸ್ಟರನ್ನು ಎರಡು ಸಲ ಓದಿ ಮುಗಿಸಿದ್ದರು. ಬೀಗದಣ್ಣ ಕೈ ಚಾಚಿದ. "ಕೊಡಿ ಅಜ್ಜಿ, ಐದು ನಿಮಿಷದ ಕೆಲಸ."

ಅಜ್ಜಿ ಗಂಟನ್ನು ಇನ್ನಷ್ಟು ಬಿಗಿಯಾಗಿ ಅವುಚಿಕೊಂಡರು.

"ಬೇಜಾರು ಮಾಡ್ಕೋಬೇಡಪ್ಪ. ಇವತ್ತು ಕಲಿತೋರ ಕೈಗೆ ನನ್ನ ಬೀರು ಬೀಗ ಕೊಡಲ್ಲ. ನಿನಗೆ ಕಲಿಸಿಕೊಟ್ಟೋರು ಇದ್ದಾರಲ್ಲ, ಆ ಪಟದಲ್ಲಿ ನಿನ್ನ ತಬ್ಬಿಕೊಂಡಿರೋರು, ಅವರ ಅಂಗಡಿ ಎಲ್ಲಿದೆ ಹೇಳು."