ಎಂಟು ಇನ್‌ಬಾಕ್ಸ್‌ಗಳ ಪ್ರಜಾಪ್ರಭುತ್ವ

ಮಾವ: ಸುಳ್ಳು ಹೇಳಬೇಡಿ ಅಳಿಯಂದಿರೇ! ನೀವು ವಿರೋಧ ಪಕ್ಷದೋರು. ಅದಕ್ಕೇ ನಮ್ಮ ನಾಯಕರ ಇಮೇಲ್ ತಡೆದಿದ್ದೀರಿ.

ಅಳಿಯ: ಅಯ್ಯೋ ಮಾವ, ನಾನು ಯಾವ ಪಕ್ಷದೋನೂ ಅಲ್ಲ. ಸರ್ವರ್ ಕಾಯೋನು.

ಮಾವ: ಕಾಯೋರೇ ಹೀಗೆ ಮಾಡಿದ್ರೆ? ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯ್ತು!

ವಾರವಿಡೀ ಕಂಪನಿಯ ಇಮೇಲ್ ಸರ್ವರ್ ಕಾದು, ಭಾನುವಾರವಾದರೂ ನೆಮ್ಮದಿಯಾಗಿರೋಣ ಎಂದರೆ, ಮನೆಮಂದಿಗೆಂದು ಮೆಟ್ಟಿಲ ಕೆಳಗೆ ತಾನೇ ಇಟ್ಟ ಪುಟ್ಟ ಸರ್ವರ್ ಅಳಿಯನ ಪ್ರಾಣ ತಿನ್ನುತ್ತಿತ್ತು. ಹತ್ತು ವರ್ಷ ಪತ್ರಗಳು ಸರಿಯಾಗಿ ತಲುಪಿದರೆ ಒಬ್ಬರೂ ಶಹಬ್ಬಾಸ್ ಎನ್ನುವುದಿಲ್ಲ; ಒಂದು ತಪ್ಪಿದರೆ ರಾಜೀನಾಮೆ ಕೇಳುತ್ತಾರೆ. ದೇಶ ಆಳುವವರ ಮೇಲೆ ಅವನಿಗೆ ಕನಿಕರ ಹುಟ್ಟುವುದು ಇಂಥ ಹೊತ್ತಿನಲ್ಲೇ.

ಮಾವನ ಸಂಕಟವೂ ಸಣ್ಣದಲ್ಲ ಬಿಡಿ. ಮೂವತ್ತು ವರ್ಷ ಪಕ್ಷದ ಬಾವುಟ ಕಟ್ಟಿದ ಜೀವ. ವಾರ್ಡ್ ಅಧ್ಯಕ್ಷರಾಗುತ್ತೀರಾ ಎಂದು ಕೇಳಿ ಪಕ್ಷದಿಂದ ಇಮೇಲ್ ಬಂದಿದೆಯಂತೆ. ಆ ಇಮೇಲಿಗೇ ಸಂಜೆ ಆರರೊಳಗೆ ಉತ್ತರ ಬರೆಯದಿದ್ದರೆ ಪದವಿ ಇನ್ನೊಬ್ಬರ ಪಾಲು ಎಂದು ಈಗಷ್ಟೇ ಫೋನಿನಲ್ಲಿ ಹೇಳಿದ್ದರು. ಆಗಲೇ ಐದೂವರೆ.

ಅಳಿಯ: ಅದು ಬೀಗ ಹಾಕಿದ ಕಸದ ಫೋಲ್ಡರ್‌ನಲ್ಲಿ ಬಿದ್ದಿದೆ ಮಾವ. ನನ್ನದು ಬಿಟ್ಟು ಮನೇಲಿ ಎಂಟು ಇನ್‌ಬಾಕ್ಸ್. ಯಾರದೋ ಪತ್ರಾನ ಐದು ಜನ 'ಕಸ' ಅಂತ ಒತ್ತಿದ್ರೆ, ಆಮೇಲೆ ಅವರು ಕಳಿಸೋದೆಲ್ಲ ಎಲ್ಲರಿಗೂ ಕಸ; ಒತ್ತದೋರು 'ಸರಿ' ಕಡೆ. ಮತ್ತೆ 'ಸರಿ' ಕಡೆ ಐದು ಜನ ಆದ್ರೇನೇ ಬೀಗ ತೆಗೆಯುತ್ತೆ.

ಮಾವ: ಯಾವ ಮುಠ್ಠಾಳ ಮಾಡಿದ ಕಾನೂನು ಇದು?

ಅಳಿಯ: ನೀವೇ. 'ಬಹುಮತವೇ ಅಂತಿಮ' ಅಂತ ಮೇಜು ಕುಟ್ಟಿದ್ರಲ್ಲ.

ಮಾವ: ಆಯ್ತಪ್ಪ, ನೀವು ಬೀಗ ಮುರೀರಿ.

ಅಳಿಯ: 'ಆಡಳಿತ ಮಾಡೋನಿಗೆ ಬೀಗದ ಕೈಯೂ ಬೇಡ, ವೋಟೂ ಬೇಡ' ಅಂದೋರೂ ನೀವೇ. ಹಾಗೇ ಮಾಡಿಟ್ಟಿದ್ದೀನಿ. ಈಗ ಬಿಚ್ಚಿ ಕಟ್ಟೋಕೆ ಎರಡು ದಿನ ಹಿಡಿಯುತ್ತೆ.

ಮಾವ: ಹಾಗಾದ್ರೆ ಆ ಐದು ದ್ರೋಹಿಗಳ ಹೆಸರು ಹೇಳಿ!

ಅಳಿಯ: ಗುಪ್ತ ಮತದಾನ ಮಾವ.

ಮಾವ: ನಾಲ್ಕು ಜನ ಹಾಳಾಗಿ ಹೋಗ್ಲಿ. ಐದನೆಯೋನು ಯಾರು? ಸರ್ಕಾರ ಬೀಳಿಸಿದ್ದು ಅವನು. ಅವನಿಗೆ ಈ ಮನೇಲಿ ತೊಟ್ಟು ನೀರೂ ಹುಟ್ಟಬಾರದು!

ಅಳಿಯ ಸುಮ್ಮನೆ ಒಮ್ಮೆ ಕೆಮ್ಮಿದ.

ಅಳಿಯ: ಹೋದ ತಿಂಗಳು ಹನ್ನೆರಡನೇ ತಾರೀಕು, ಬೆಳಗ್ಗೆ ಆರೂ ಹತ್ತು. ನಿಮ್ಮ ಫೋನು.

ಮಾವ: ನಾನಾ? ಹನ್ನೆರಡು... ನಮ್ಮ ನಾಯಕರು ಆ ಕಡೆಯೋರ ಜೊತೆ ಮೈತ್ರಿ ಮಾಡ್ಕೊಂಡ್ರಲ್ಲ, ಅವತ್ತಾ?

ಅಳಿಯ: ಅವತ್ತೇ.

ಮಾವ: ಮೈಯೆಲ್ಲ ಉರಿದುಹೋಗಿತ್ತು ಕಣ್ರೀ. ಕುರ್ಚಿಗೋಸ್ಕರ ಮಾನ ಮಾರ್ಕೊಂಡ್ರಲ್ಲಾ ಅಂತ ಒತ್ತಿಬಿಟ್ಟೆ. ಮಾರನೇ ದಿನ ಕೋಪ ಇಳೀತು, ಮರೆತೂ ಹೋಯ್ತು.

ಮಾವ ಗಡಿಬಿಡಿಯಲ್ಲಿ ಫೋನು ತೆಗೆದು 'ಸರಿ' ಎಂದು ಒತ್ತಿದರು. ಲೆಕ್ಕ ನಾಲ್ಕಕ್ಕೆ ನಾಲ್ಕಾಯಿತು. ಬೀಗ ಅಲ್ಲಾಡಲಿಲ್ಲ.

ಅಳಿಯ: ಇನ್ನೊಂದು ವೋಟು ಬೇಕಲ್ಲ ಮಾವ.

ಅಡುಗೆಮನೆಯಿಂದ ಅತ್ತೆ ಕೈ ಒರೆಸಿಕೊಳ್ಳುತ್ತ ಬಂದರು.

ಅತ್ತೆ: ನನ್ನದು ಕಸದ ಕಡೆ ಇದೆ. ಮೊದಲು ಒತ್ತಿದ್ದೇ ನಾನು.

ಮಾವ: ನೀನಾ! ನಲವತ್ತು ವರ್ಷ ನನ್ನ ಜೊತೆ ಸಂಸಾರ ಮಾಡಿ!

ಅತ್ತೆ: ನಲವತ್ತು ವರ್ಷದಿಂದ ಮನೇಲಿ ಕೇಳ್ತಿರೋ ಭಾಷಣ ಸಾಲದಾ? ಫೋನಲ್ಲೂ ಬೇಕಾ?

ಮಾವ: ಬದಲಾಯಿಸೇ, ನಿನ್ನ ದಮ್ಮಯ್ಯ. ಯಾರಾದ್ರೂ ಒಂದು ಸಲ ಕರೀಲಿ ಅಂತ ಮೂವತ್ತು ವರ್ಷ ಕಾದಿದ್ದೀನಿ.

ದನಿ ಕುಗ್ಗಿಹೋಗಿತ್ತು. ಅಳಿಯನಿಗೆ ಪಾಪ ಎನ್ನಿಸಿತು. ಅತ್ತೆಗೂ ಎನ್ನಿಸಿತು. ಆದರೆ ತೋರಿಸಿಕೊಂಡರೆ ವೋಟಿನ ಬೆಲೆ ಇಳಿಯುತ್ತದೆಂದು ತಿಳಿಯದಷ್ಟು ಪೆದ್ದಿಯೇ ಆಕೆ?

ಅತ್ತೆ: ಪಕ್ಷ ಬದಲಾಯಿಸಿದ್ರೆ ನನಗೇನು ಸಿಗುತ್ತೆ?

ಮಾವ: ಛೀ! ತತ್ವ ಮಾರ್ಕೊಳ್ತೀಯಾ?

ಅತ್ತೆ: ಬೇಡ ಬಿಡಿ. ನೀವು ತತ್ವ ಇಟ್ಕೊಂಡು ಕೂತಿರಿ, ನಾನು ಹೊರಟೆ.

ಅಳಿಯ: ಮಾವ, ಆರಕ್ಕೆ ಹತ್ತೇ ನಿಮಿಷ.

ಮಾವ: ಏ ನಿಲ್ಲೇ! ಏನ್ ಬೇಕು ಹೇಳು.

ಅತ್ತೆ: ಪಾತ್ರೆ ಖಾತೆ. ದಿನಾ ಸಂಜೆ, ನಿಮ್ಮದೇ. ಮಧ್ಯದಲ್ಲಿ ರಾಜೀನಾಮೆ ಕೊಡೋ ಹಾಗಿಲ್ಲ.

ಮಾವ: ಇದು ಹಗಲು ದರೋಡೆ... ಆಯ್ತು, ಆಯ್ತು, ಒತ್ತು ಮಾರಾಯ್ತಿ!

ಅತ್ತೆ ಫೋನು ತೆಗೆದರು. ಆದರೆ ಬೆರಳು ಗುಂಡಿಯ ಮೇಲೆ ಹಾಗೇ ನಿಂತಿತ್ತು. ಇನ್ನೊಂದು ಕೈ ಸಿಂಕಿನ ಕಡೆ ತೋರಿಸುತ್ತಿತ್ತು. ಮಾವ ಅಂಗಿಯ ತೋಳು ಮೇಲಕ್ಕೆ ಮಡಚಿಕೊಂಡು ಒಳಗೆ ಓಡಿದರು. ನಲ್ಲಿಯ ಸದ್ದು ಕೇಳಿದ ಮೇಲೆಯೇ ಆಕೆ ಒತ್ತಿದ್ದು. ಪತ್ರ ಬಂತು.

ಮಾವ (ಒಳಗಿನಿಂದ): ಕೈಯೆಲ್ಲ ಸೋಪು ಅಳಿಯಂದಿರೇ, ಉತ್ತರ ನೀವೇ ಬರೀರಿ. 'ಅಧ್ಯಕ್ಷ ಸ್ಥಾನವನ್ನು ಸಂತೋಷದಿಂದ ಒಪ್ಪಿದ್ದೇನೆ.' ಬರೆದ್ರಾ?

ಅಳಿಯ: ಬರೆದೆ. ಕಳಿಸಲಾ?

ಮಾವ: ತಡೀರಿ, ಇನ್ನೊಂದು ಸಾಲು. 'ದಯವಿಟ್ಟು ಸಂಜೆ ಹೊತ್ತು ಸಭೆ ಇಡಬೇಡಿ. ಆ ಹೊತ್ತಿನಲ್ಲಿ ನಾನು ಮೈತ್ರಿಧರ್ಮ ಪಾಲಿಸಬೇಕಾಗಿದೆ.'