ಕಡಬವೇ ಪ್ಯಾರಿಸ್, ಸುಳ್ಯವೇ ರೋಮ್

“ಯಾರ ಹಂಗೂ ಇಲ್ಲದೆ ಯುರೋಪು ಖಂಡವನ್ನು ಸುತ್ತಿ ಬರುತ್ತೇನೆ!”

ಹೀಗೆಂದು ನಾನು ಘೋಷಿಸಿದ್ದು ಪುತ್ತೂರಿನ ನಮ್ಮ ಮನೆಯ ಜಗಲಿಯಲ್ಲಿ, ಐವತ್ತೈದನೆಯ ಇಸವಿಯಲ್ಲಿ, ಹೈಸ್ಕೂಲಿನ ಕೆಲಸದಿಂದ ನಿವೃತ್ತಳಾದ ಮರುವಾರ. ಸಭಿಕರು ಇಬ್ಬರು: ನನ್ನ ಗಂಡ ಚೆನ್ನಕೇಶವ ಗೌಡರು, ಮತ್ತು ಅವರಿಂದ ಚಿಕಿತ್ಸೆ ಮಾಡಿಸಲೆಂದು ಯಾರೋ ಅಂಗಳದಲ್ಲಿ ತಂದು ಕಟ್ಟಿದ್ದ ಎಮ್ಮೆ. ಎಮ್ಮೆ ತಲೆಯಾಡಿಸಿತು. ಗಂಡ ಆಡಿಸಲಿಲ್ಲ.

ಮೂವತ್ತು ವರ್ಷ ಭೂಗೋಳ ಕಲಿಸಿದವಳು ನಾನು. ರೋಮ್ ಎಲ್ಲಿದೆ, ಪ್ಯಾರಿಸ್ ಯಾವ ನದಿಯ ದಡದಲ್ಲಿದೆ ಎಂಬುದನ್ನು ಕಣ್ಣು ಮುಚ್ಚಿ ಕೋಲಿನಿಂದ ತೋರಿಸಬಲ್ಲೆ. ತೋರಿಸಿ ತೋರಿಸಿ ನಮ್ಮ ಶಾಲೆಯ ಭೂಪಟದಲ್ಲಿ ರೋಮ್ ಇದ್ದ ಜಾಗಕ್ಕೆ ತೂತೇ ಬಿದ್ದಿತ್ತು! ಆ ತೂತಿನಾಚೆ ಏನಿದೆಯೆಂದು ಕಣ್ಣಾರೆ ನೋಡದೆ ಸಾಯುವುದಿಲ್ಲ ಎಂಬುದು ನನ್ನ ಹಠ.

ನನ್ನ ಗಂಡ ದನದ ಡಾಕ್ಟರರು. ತಾಲೂಕಿನ ಯಾವ ಮನೆಗೆ ಹೋದರೂ ಇವರಿಗೆ ಜಗಲಿಯಲ್ಲಿ ಚಾಪೆ, ಕೈಗೆ ಎಳನೀರು. ಎಳನೀರು ತಂದುಕೊಡುವವರಿಲ್ಲದ ಊರೊಂದು ಭೂಮಿಯ ಮೇಲಿದೆಯೆಂಬುದನ್ನು ಕಲ್ಪಿಸಿಕೊಳ್ಳುವುದೂ ಇವರಿಂದ ಸಾಧ್ಯವಿರಲಿಲ್ಲ.

“ಅಲ್ಲ ಮಾರಾಯ್ತಿ, ಅಲ್ಲಿ ನಮ್ಮವರು ಅಂತ ಯಾರುಂಟು?”

“ಯಾರೂ ಇಲ್ಲ. ಅದೇ ಅದರ ಸುಖ.”

“ಜ್ವರ ಬಂದ್ರೆ?”

“ಆಸ್ಪತ್ರೆ ಉಂಟು.”

“ದಾರಿ ತಪ್ಪಿದ್ರೆ?”

“ಭೂಗೋಳದ ಟೀಚರಿಗೆ ದಾರಿ ತಪ್ಪುದಾ?”

“ನೀನು ಇಲ್ಲೇ ಪಕ್ಕದ ಉಪ್ಪಿನಂಗಡಿಗೂ ಒಬ್ಬಳೇ ಹೋದವಳಲ್ಲ!”

ಈ ಮಾತು ನನಗೆ ನಾಟಿತು. ನಾಟಿದ್ದು ಇವರಿಗೆ ಗೊತ್ತಾಯಿತು. ಕೂಡಲೇ ಒಂದು ಪಂಥ ಮುಂದಿಟ್ಟರು. ಮೊದಲು ನಮ್ಮ ತಾಲೂಕನ್ನೇ ಒಂದು ಸುತ್ತು ಹಾಕುವುದು. ಗುರುತಿನವರ ಒಂದೇ ಒಂದು ಸಹಾಯವಿಲ್ಲದೆ ನಾನು ಇವರನ್ನು ಸುತ್ತಿಸಿ ಮನೆಗೆ ತಂದರೆ, ಇವರು ಮರುಮಾತಿಲ್ಲದೆ ನನ್ನ ಹಡಗು ಹತ್ತುವುದು. ಸಹಾಯ ಪಡೆದೆನೋ, ಯುರೋಪು ರದ್ದು. ಅದೇ ದುಡ್ಡಿನಲ್ಲಿ ಪೂವಮ್ಮಕ್ಕನ ಜೊತೆ ಕಾಶಿಗೆ!

ಪೂವಮ್ಮಕ್ಕ ಎಂದರೆ ಇವರ ಹಿರಿಯಕ್ಕ. ಸುಳ್ಯದ ಹತ್ತಿರದ ಆಲೆಟ್ಟಿಯಲ್ಲಿದ್ದುಕೊಂಡು ಇಡೀ ಕುಟುಂಬವನ್ನು ಆಳುತ್ತಿದ್ದವರು. ಅವರ ಜೊತೆ ಕಾಶಿಗೆ ಹೋದರೆ ಮುಕ್ತಿ ಸಿಗುವುದು ಖಂಡಿತ; ಆದರೆ ಕಾಶಿ ತಲುಪುವ ಮೊದಲೇ!

“ಒಪ್ಪಿದೆ!” ಎಂದೆ.

ಪಾಸ್‌ಪೋರ್ಟುಗಳು ಆಗಲೇ ಮದರಾಸಿನಿಂದ ಬಂದಿದ್ದವು. ಅವು ಯಾವ ಕಾಲಕ್ಕೂ ಬರಲಾರವು ಎಂಬ ಧೈರ್ಯದಿಂದ ಡಾಕ್ಟರರು ಅರ್ಜಿಗೆ ಸಹಿ ಹಾಕಿದ್ದರು. ಬಂದೇಬಿಟ್ಟವು! ಹಡಗಿನ ಟಿಕೇಟು ಕೊಳ್ಳುವುದಷ್ಟೇ ಬಾಕಿ. ತಾಲೂಕಿನ ಸುತ್ತೇ ಯುರೋಪಿನ ತಾಲೀಮಾಗಲೆಂದು, ಮಳೆ ಜಾಸ್ತಿಯಿರುವ ಪುತ್ತೂರನ್ನು ಲಂಡನ್ ಎಂದು ಗೊತ್ತುಮಾಡಿದೆ. ಕಡಬ ಪ್ಯಾರಿಸ್. ದಾರಿಯಲ್ಲಿ ಸಿಗುವ ಪಂಜಕ್ಕೆ ಗುಡ್ಡಗಳೂ ದನಗಳೂ ಇರುವುದರಿಂದ ಸ್ವಿಟ್ಜರ್ಲೆಂಡಿನ ಪದವಿ. ಹಿಮವನ್ನು ಮಾತ್ರ ಕಲ್ಪಿಸಿಕೊಳ್ಳಬೇಕು. ಸುಳ್ಯ ರೋಮ್. ನೆಂಟರ ಮನೆಯ ಮೆಟ್ಟಲು ಹತ್ತಕೂಡದು, ನಮ್ಮ ಹೊರೆ ನಾವೇ ಹೊರಬೇಕು, ಪಾಸ್‌ಪೋರ್ಟುಗಳ ಬ್ಯಾಗು ಸದಾ ನನ್ನ ಹೆಗಲಲ್ಲಿರಬೇಕು, ಊಟ ಹೋಟೆಲಿನಲ್ಲಿ, ಅದೂ ಚೂರಿ ಮುಳ್ಳುಚಮಚದಲ್ಲಿ. ತುಳು, ಅರೆಭಾಷೆ, ಕನ್ನಡ ಮೂರೂ ನಿಷಿದ್ಧ. ಇಂಗ್ಲಿಷಿನಲ್ಲಿ ಮಾತ್ರ ಮಾತು!

“ಹಾಗಾದ್ರೆ ನಾನು ಮಾತಾಡುದೇ ಇಲ್ಲ,” ಎಂದರು ಡಾಕ್ಟರರು. ಅವರ ಇಂಗ್ಲಿಷು ಮದರಾಸಿನ ಕಾಲೇಜಿನಲ್ಲೇ ಉಳಿದುಹೋಗಿತ್ತು. ದನಗಳ ಜೊತೆ ಅವರ ವ್ಯವಹಾರವೆಲ್ಲ ತುಳುವಿನಲ್ಲಿ.

ಹೊರಟ ದಿನ ಬಸ್ಸಿನ ಬಳಿ ಕಂಡಕ್ಟರ್ ಮೊಯ್ದೀನ್ ಓಡಿ ಬಂದ. ಅವನ ಬಸ್ಸು ಕಡಬದಲ್ಲಿ ರಾತ್ರಿ ತಂಗಿ ಮರುದಿನ ಸುಳ್ಯಕ್ಕೆ ಹೋಗುವಂಥದು.

“ಡಾಕ್ಟ್ರೇ, ಮುಂದೆ ಬನ್ನಿ, ನಿಮ್ಮ ಸೀಟು ಉಂಟು! ಪೆಟ್ಟಿಗೆ ಇತ್ತ ಕೊಡಿ ಟೀಚರಮ್ಮ.”

ನಾನು ಪೆಟ್ಟಿಗೆಯನ್ನು ಎದೆಗೆ ಅವುಚಿಕೊಂಡೆ. “ನೋ, ಥ್ಯಾಂಕ್ ಯೂ!”

ಇಷ್ಟು ಕಾಲ ನನ್ನ ಜೊತೆ ತುಳುವಿನಲ್ಲೇ ಹರಟಿದ ಮೊಯ್ದೀನ್ ತಟ್ಟನೆ ಹಿಂದೆ ಸರಿದ. “ಡಾಕ್ಟ್ರೇ, ಟೀಚರಮ್ಮನಿಗೆ ಎಂತಾಯ್ತು?”

ಡಾಕ್ಟರರು ಆಕಾಶ ನೋಡಿದರು. ನಾನು ಅವರನ್ನು ಕಟ್ಟಕಡೆಯ ಸೀಟಿಗೆ ನಡೆಸಿದೆ. ಪ್ರತಿ ಹೊಂಡಕ್ಕೂ ಇಬ್ಬರೂ ಒಟ್ಟಿಗೆ ಮೇಲೆ ಹಾರಿ ಒಟ್ಟಿಗೆ ಕೆಳಗೆ ಕೂತೆವು. ನಮ್ಮ ನಡುವಿನ ಹೊಂದಾಣಿಕೆ ಅಷ್ಟೇ. ಕಡಬ ಬರುವವರೆಗೆ ಗಂಡ ಹೆಂಡತಿ ಒಂದು ಅಕ್ಷರ ಮಾತಾಡಲಿಲ್ಲವೆಂಬುದನ್ನು ಬಸ್ಸಿಗೆ ಬಸ್ಸೇ ಗಮನಿಸಿತು.

ಕಡಬದಲ್ಲಿ ದೇರಣ್ಣನ ಮನೆಯಿದೆ. ಡಾಕ್ಟರರ ಚಿಕ್ಕಪ್ಪನ ಮಗ. ಪೇಟೆಯಲ್ಲಿ ಅಂಗಡಿ ಇಟ್ಟವನು; ಹೆಂಡತಿ ಕಮಲಾವತಿ. ನಮ್ಮ ಕಡೆ ನೆಂಟರಿರುವ ಊರಿನಲ್ಲಿ ಹೋಟೆಲಿಗೆ ಹೋಗಿ ಉಂಡರೆ ಅದು ಊಟವಲ್ಲ, ಆಸ್ತಿಯಲ್ಲಿ ಪಾಲು ಕೇಳುವ ಲಾಯರ್ ನೋಟೀಸು! ಅದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ನಾನಿದ್ದದ್ದು ಪ್ಯಾರಿಸ್‌ನಲ್ಲಿ. ಪ್ಯಾರಿಸ್‌ನಲ್ಲಿ ಎಲ್ಲಿಯ ದೇರಣ್ಣ?

ಹೋಟೆಲಿನಲ್ಲಿ ನೀರುದೋಸೆಗೂ ಗೋಳಿಬಜೆಗೂ ಹೇಳಿದೆ. ಚೀಲದಿಂದ ಚೂರಿ, ಮುಳ್ಳುಚಮಚ ತೆಗೆದೆ. ಡಾಕ್ಟರರು ಆಪರೇಷನ್ನಿನ ಗಾಂಭೀರ್ಯದಿಂದ ದೋಸೆಯನ್ನು ಉದ್ದಕ್ಕೆ ಸೀಳಿ, ಒಳಗೆ ಏನಾದರೂ ರೋಗ ಇದೆಯೇ ಎಂದು ನೋಡಿದರು. ನಾನು ಗೋಳಿಬಜೆಗೆ ಮುಳ್ಳುಚಮಚ ಚುಚ್ಚಿದೆ. ಗುಂಡಗಿನ ವಸ್ತುವಿಗೆ ಮೂರು ಮುಳ್ಳು ಎಂದೂ ಒಟ್ಟಿಗೆ ನಾಟುವುದಿಲ್ಲ. ಗೋಳಿಬಜೆ ತಟ್ಟೆಯಿಂದ ಚಿಮ್ಮಿ, ಗಾಳಿಯಲ್ಲಿ ಸುಂದರವಾದ ಕಮಾನು ಬರೆದು, ಪಕ್ಕದ ಮೇಜಿನವನ ಚಹಾದೊಳಗೆ ಇಳಿಯಿತು.

ಮುಖದ ಚಹಾ ಒರೆಸಿಕೊಂಡು ಎದ್ದು ನಿಂತವನು ದೇರಣ್ಣ!

“ಅತ್ತಿಗೆ! ಇಲ್ಲಿ ಎಂತ ಮಾಡ್ತೀರಿ ನೀವು? ನಮ್ಮ ಮನೆ ಇಲ್ಲೇ ಹಿಂದೆ ಉಂಟಲ್ವಾ! ಕಮಲಾವತಿ ಒಲೆ ಉರಿಸಿದ್ದು ಕಿಟಕಿಯಿಂದ ಕಾಣ್ತದೆ, ನೋಡಿ!”

“ವೀ ಆರ್ ಟೂರಿಸ್ಟ್ಸ್,” ಎಂದೆ.

“ಎಂತ?”

“ಟೂರಿಸ್ಟ್ಸ್. ವೀ ನೋ ನೋಬಡಿ ಹಿಯರ್.”

ದೇರಣ್ಣನಿಗೆ ‘ನೋಬಡಿ’ ಅರ್ಥವಾಯಿತು. ಅಷ್ಟೇ ಸಾಕಾಯಿತು. ಅವನು ಡಾಕ್ಟರರ ಕಡೆ ತಿರುಗಿದ. “ಅಣ್ಣ, ನೀವಾದ್ರೂ ಬಾಯಿ ಬಿಡಿ! ನಮ್ಮಿಂದ ಎಂತ ತಪ್ಪಾಯ್ತು?”

ಡಾಕ್ಟರರು ಬಾಯಿ ಬಿಡಲಿಲ್ಲ. ಹಣೆಯನ್ನು ಒಮ್ಮೆ ಮುಟ್ಟಿಕೊಂಡು, ನನ್ನನ್ನು ಒಮ್ಮೆ ನೋಡಿ, ಮತ್ತೆ ದೋಸೆ ಕುಯ್ಯತೊಡಗಿದರು. ದೇರಣ್ಣ ಚಹಾ ಕುಡಿಯದೆ ಹೊರಟುಹೋದ. ಅವನ ಬೆನ್ನು ನೋಡಿ ಎದೆಯೊಳಗೆ ಏನೋ ಚುಚ್ಚಿದ್ದು ನಿಜ. ಆದರೂ ನಿಯಮ ನಿಯಮವೇ. ಪ್ಯಾರಿಸ್ ಗೆದ್ದಿದ್ದೆ!

ಹೋಟೆಲಿನ ಮಾಳಿಗೆಯ ಕೋಣೆಯಲ್ಲಿ ತಂಗಿದೆವು. ಅಲ್ಲಿಯ ತಿಗಣೆಗಳು ಮಾತ್ರ ನಮ್ಮನ್ನು ಬಹುಕಾಲದ ಗುರುತಿನವರಂತೆ ಉಪಚರಿಸಿದವು.

ಬೆಳಿಗ್ಗೆ ಮೊಯ್ದೀನನ ಬಸ್ಸೇ. ಅವನು ಈ ಸಲ ಮಾತಾಡಿಸಲಿಲ್ಲ. ಟಿಕೇಟನ್ನು ದೂರದಿಂದಲೇ ಚಾಚಿದ. ಪಂಜದಲ್ಲಿ ಸ್ವಿಟ್ಜರ್ಲೆಂಡ್ ನೋಡಲೆಂದು ಇಳಿದೆವು. ಗಡಿ ದಾಟುವಾಗ ತಪಾಸಣೆ ಇರುತ್ತದಲ್ಲ? ಅದರ ಅಭ್ಯಾಸವೂ ಆಗಲಿ ಎಂದು ರಸ್ತೆಯ ಬದಿಯಲ್ಲೇ ಡಾಕ್ಟರರ ಮುಂದೆ ಕೈಚಾಚಿ, “ಪಾಸ್‌ಪೋರ್ಟ್ ಪ್ಲೀಸ್!” ಎಂದೆ.

ಅವರು ನನ್ನನ್ನೇ ನೋಡಿದರು. ಆಗ ನೆನಪಾಯಿತು: ಪಾಸ್‌ಪೋರ್ಟುಗಳ ಬ್ಯಾಗು ಇರಬೇಕಾದದ್ದು ನನ್ನ ಹೆಗಲಲ್ಲಿ. ಹೆಗಲು ನೋಡಿದೆ. ಹೆಗಲು ಮಾತ್ರ ಇತ್ತು.

“ಅಯ್ಯೋ! ಬ್ಯಾಗು! ಬ್ಯಾಗು ಎಲ್ಲಿ?” ನನ್ನ ಇಂಗ್ಲಿಷೆಲ್ಲ ಪಂಜದ ಗುಡ್ಡದಾಚೆ ಹಾರಿಹೋಗಿತ್ತು.

“ಈಗ ಕನ್ನಡ ಮಾತಾಡ್ಬಹುದಾ?” ಎಂದರು ಡಾಕ್ಟರರು.

“ಮಾತಾಡಿ ಮಾರಾಯ್ರೆ!”

“ಕಡಬದ ಕೋಣೆಯಲ್ಲಿ, ಮೊಳೆಯಲ್ಲಿ ನೇತಾಡ್ತಾ ಉಂಟು. ಕಳ್ಳರಿಗೆ ಕಾಣ್ಬಾರದು ಅಂತ ನೀನೇ ಅದರ ಮೇಲೆ ಟವೆಲು ಮುಚ್ಚಿದ್ದು.”

“ಗೊತ್ತಿದ್ದೂ ಹೇಳಲಿಲ್ವಾ?”

“ಇಂಗ್ಲಿಷಿನಲ್ಲಿ ವಾಕ್ಯ ಕೂಡಿಸ್ತಾ ಇದ್ದೆ. ಮುಗಿಯುವಾಗ ಬಸ್ಸು ಹೊರಟಾಗಿತ್ತು.”

ನಾನು ರಸ್ತೆಬದಿಯ ಕಲ್ಲಿನ ಮೇಲೆ ಕೂತುಬಿಟ್ಟೆ. ಆ ಬ್ಯಾಗು ಹೋದರೆ ರೋಮೂ ಇಲ್ಲ, ಪ್ಯಾರಿಸೂ ಇಲ್ಲ. ಇನ್ನೊಮ್ಮೆ ಅರ್ಜಿಗೆ ಸಹಿ ಹಾಕುವಷ್ಟು ಪೆದ್ದರೇ ಇವರು? ಕಡಬಕ್ಕೆ ಹಿಂದಿರುಗೋಣವೆಂದರೆ ಆ ಕಡೆಗೆ ಬಸ್ಸಿಲ್ಲ. ಬಂದದ್ದು ಕಡಬದಿಂದ ಸುಳ್ಯಕ್ಕೆ ಹೋಗುವ ಇನ್ನೊಂದು ಬಸ್ಸು. ಅದರ ಮುಂದಿನ ಸೀಟಿನಲ್ಲಿ, ಮದುವೆಗೆ ಹೊರಟವನಂತೆ ಇಸ್ತ್ರಿ ಅಂಗಿ ಹಾಕಿ ಕೂತಿದ್ದವನು ದೇರಣ್ಣ. ಅವನ ತೊಡೆಯ ಮೇಲೆ ನನ್ನ ಬ್ಯಾಗು!

ಬಸ್ಸು ಹತ್ತಿದ್ದು ನೆನಪಿಲ್ಲ, ಹಾರಿದೆನೇನೋ. “ದೇರಣ್ಣ! ದೇವರು ಬಂದ ಹಾಗೆ ಬಂದೆ ಮಾರಾಯ! ಕೊಡು ಇಲ್ಲಿ.”

ಅವನು ಬ್ಯಾಗನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡ. “ನೀವು ಟೂರಿಸ್ಟ್ಸ್ ಅಲ್ವಾ? ಇದು ನಮ್ಮ ಅತ್ತಿಗೆಯದ್ದು ಅಂತ ಹೋಟೆಲಿನವರು ನಮ್ಮ ಮನೆಗೆ ತಂದುಕೊಟ್ಟದ್ದು. ಗುರುತಿಲ್ಲದವರ ಕೈಗೆ ಹೇಗೆ ಕೊಡುದು?”

“ಅದರಲ್ಲಿ ನನ್ನ ಫೋಟೋ ಉಂಟು!”

“ನೋಡಿದೆ. ನಮ್ಮ ಅತ್ತಿಗೆಯ ಹಾಗೆ ಕಾಣ್ತದೆ. ಆದ್ರೆ ಅವರು ನಮ್ಮ ಮನೆಗೆ ಬಾರದೆ ಹೋಗುವವರಲ್ಲ.” ಅವನು ಬ್ಯಾಗನ್ನು ಎರಡೂ ಕೈಯಿಂದ ಹಿಡಿದುಕೊಂಡ. “ಮನೆತನ ಬಿಟ್ಟು ಕಡಲು ದಾಟಿ ಹೋಗುವಂಥದ್ದು ಎಂತಾಯ್ತು ನಿಮಗೆ? ಇದನ್ನು ಪೂವಮ್ಮಕ್ಕನ ಕೈಗೆ ಕೊಡ್ತೇನೆ. ಅವರು ತೀರ್ಮಾನ ಮಾಡ್ಲಿ.”

ಬಸ್ಸಿನಲ್ಲಿ ನನ್ನ ಹಳೆಯ ಶಿಷ್ಯೆಯರಿದ್ದರು. ಅವರೆದುರು ಮೈದುನನ ಕೈಯಿಂದ ಬ್ಯಾಗು ಕಸಿಯುವಂತಿರಲಿಲ್ಲ. ಡಾಕ್ಟರರು ನನ್ನ ಕಿವಿಯ ಬಳಿ ಬಾಗಿದರು. ಮಾತು ಬಂದ ಮೇಲೆ ಅವರಿಗೆ ಖುಷಿಯೋ ಖುಷಿ.

“ಬ್ಯಾಗು ತಕ್ಕೊಂಡ್ರೆ ಸಹಾಯ ತಕ್ಕೊಂಡ ಹಾಗೆ. ತಕ್ಕೊಳ್ಳದಿದ್ರೆ ಪಾಸ್‌ಪೋರ್ಟಿಲ್ಲ. ಯಾವ ಕಡೆಯಿಂದ ನೋಡಿದ್ರೂ ಕಾಶಿಯೇ ಕಾಣ್ತದಲ್ಲ!”

ಸುಳ್ಯದಲ್ಲಿ ಬಸ್ಸು ನಿಂತಾಗ, ರೋಮಿನ ಸಾಮ್ರಾಜ್ಞಿಯಂತೆ ಕೊಡೆಯೂರಿ ನಿಂತಿದ್ದರು ಪೂವಮ್ಮಕ್ಕ! ಮೊಯ್ದೀನನ ಬಸ್ಸು ನಮಗಿಂತ ಮೊದಲೇ ಬಂದು ಸುದ್ದಿಯನ್ನು ಇಳಿಸಿತ್ತು. ಹಿಂದಿನ ದಿನ ‘ಮಾತಾಡಲಿಲ್ಲ’ ಎಂದಿದ್ದದ್ದು ಸುಳ್ಯಕ್ಕೆ ಬರುವಷ್ಟರಲ್ಲಿ, ಡಾಕ್ಟರರಿಗೆ ಮಾತೇ ನಿಂತಿದೆ, ಟೀಚರಮ್ಮನಿಗೆ ತಲೆ ಸರಿಯಿಲ್ಲ, ಪಾಲು ಕೇಳಲು ಪೆಟ್ಟಿಗೆ ಸಮೇತ ಹೊರಟಿದ್ದಾರೆ ಎಂದಾಗಿತ್ತು. ಅವರ ಹಿಂದೆ ಆಲೆಟ್ಟಿಯ ಹಿರಿಯರು ಪಂಚಾತಿಕೆಗೆ ತಯಾರಾಗಿ ಎಲೆಯಡಿಕೆ ಹಾಕಿಕೊಂಡು ನಿಂತಿದ್ದರು.

“ಎಂತ ಕುಮುದಿನಿ, ಯಾವ ಗದ್ದೆ ಬೇಕು ನಿನಗೆ? ಈಗಲೇ ಹೇಳು.”

“ಗದ್ದೆ ಬೇಡ ಅತ್ತಿಗೆ. ಆ ಬ್ಯಾಗು ಬೇಕು.”

ಡಾಕ್ಟರರು ಪಂಥದಿಂದ ಹಿಡಿದು ಗೋಳಿಬಜೆಯವರೆಗೆ ಎಲ್ಲವನ್ನೂ ಬಿಡಿಸಿ ಹೇಳಿದರು. ಕೂಡಿಟ್ಟ ಮಾತೆಲ್ಲ ಹೊರಬಂತು. ಕಾಶಿಯ ಭಾಗವನ್ನೂ ಬಿಡಲಿಲ್ಲ. ಹಿರಿಯರು ನಕ್ಕು ನಕ್ಕು ಎಲೆಯಡಿಕೆ ನುಂಗಿದರು. ಪೂವಮ್ಮಕ್ಕ ನಗಲಿಲ್ಲ. ದೇರಣ್ಣನಿಂದ ಬ್ಯಾಗು ತೆಗೆದುಕೊಂಡು ಬಿಚ್ಚಿ ನನ್ನ ಮುಂದೆ ಹಿಡಿದರು.

ಪಾಸ್‌ಪೋರ್ಟುಗಳು ಎರಡೂ ಇದ್ದವು. ಅವುಗಳ ಮೇಲೆ ನಾನಿಡದೇ ಇದ್ದ ಒಂದು ಪೊಟ್ಟಣ, ಇನ್ನೂ ಬೆಚ್ಚಗಿತ್ತು. ಅಕ್ಕಿಹಿಟ್ಟು, ಕಾಯಿ, ಬೆಲ್ಲವನ್ನು ಅರಸಿನ ಎಲೆಯಲ್ಲಿ ಮಡಿಸಿ ಬೇಯಿಸಿದ ಗಟ್ಟಿ.

“ಕಮಲಾವತಿ ಕಟ್ಟಿದ್ದು,” ಎಂದ ದೇರಣ್ಣ, ಬೇರೆ ಕಡೆ ನೋಡುತ್ತ. “ನಿನ್ನೆಯಿಂದ ಅಳ್ತಾ ಇದ್ದಾಳೆ. ಅತ್ತಿಗೆಗೆ ಇದು ಇಷ್ಟ, ಎಲ್ಲಿಗೆ ಹೋಗುದಾದ್ರೂ ಹಸಿದು ಹೋಗುದು ಬೇಡ ಅಂದಳು.”

ನಾನು ಅಳುವವಳಲ್ಲ. ಶಾಲೆಯಲ್ಲಿ ಬೇರೆಯವರನ್ನು ಅಳಿಸಿಯೇ ಅಭ್ಯಾಸ. ಆದರೆ ‘ನೋಬಡಿ’ ಎಂದು ಮುಖಕ್ಕೆ ಹೊಡೆದವಳಿಗೆ ಅಳುತ್ತಲೇ ಬುತ್ತಿ ಕಟ್ಟುವ ಜನ ಯಾವ ಅಕ್ಷಾಂಶದಲ್ಲಿ ಸಿಗುತ್ತಾರೆಂದು ನಾನು ಒಂದು ತರಗತಿಗೂ ಕಲಿಸಿರಲಿಲ್ಲ. ಅಲ್ಲೇ ಬಸ್ಸಿನ ಹೊಗೆಯ ನಡುವೆ, ಬರಿಗೈಯಲ್ಲಿ ಒಂದು ಗಟ್ಟಿ ಬಿಡಿಸಿ ತಿಂದೆ. ಇನ್ನೊಂದನ್ನೂ ತಿಂದೆ. ಆ ರುಚಿಗೆ ಇಂದಿಗೂ ನಾನು ಋಣಿ.

“ಕಮಲಾವತಿಗೆ ಹೇಳು ದೇರಣ್ಣ, ನಾಳೆ ಮಧ್ಯಾಹ್ನ ಊಟಕ್ಕೆ ನಾವು ಅಲ್ಲಿರ್ತೇವೆ,” ಎಂದೆ. ಅವನ ಮುಖ ಅರಳಿತು. ಆಮೇಲೆ ಬೆನ್ನು ನೆಟ್ಟಗೆ ಮಾಡಿ, ಗಂಟಲು ಸರಿಮಾಡಿಕೊಂಡು, ಆಲೆಟ್ಟಿಯ ಹಿರಿಯರ ಸಾಕ್ಷಿಯಾಗಿ ಸೋಲು ಒಪ್ಪಿಕೊಂಡೆ.

“ಸಹಾಯ ತಕ್ಕೊಂಡಾಯ್ತು. ನಾನು ಸೋತೆ. ಯುರೋಪು ಬೇಡ. ಅತ್ತಿಗೆ, ನಿಮ್ಮ ಒಟ್ಟಿಗೆ ಕಾಶಿಗೆ ಬರ್ತೇನೆ.”

ಇಂಥ ತ್ಯಾಗಕ್ಕೆ ಕಣ್ಣೀರಾದರೂ ಬಂದೀತೆಂದು ಪೂವಮ್ಮಕ್ಕನ ಮುಖ ನೋಡಿದೆ. ಅವರು ಬೆಚ್ಚಿಬಿದ್ದು ತಮ್ಮನ ಕಡೆ ತಿರುಗಿದರು.

“ಏ ಚೆನ್ನ, ನನ್ನನ್ನು ಕೇಳದೆ ನನ್ನನ್ನೇ ಪಂಥಕ್ಕೆ ಇಟ್ಟದ್ದಾ ನೀನು? ಇವಳ ಒಟ್ಟಿಗೆ ಕಾಶಿಗಾ? ಗಂಗೆಯಲ್ಲಿ ಮುಳುಗಿದವಳನ್ನು ಟೈಮಾಯ್ತು ಅಂತ ತುರುಬು ಹಿಡಿದು ಮೇಲೆ ಎಳೆಯುವವಳು ಇವಳು! ನನ್ನಿಂದಾಗುದಿಲ್ಲಪ್ಪ. ನಾನೂ ಕಮಲಾವತಿಯೂ ಹೋಗುದು ಅಂತ ಹೋದ ವರ್ಷವೇ ಮಾತಾಡಿ ಆಗಿದೆ.” ಬ್ಯಾಗನ್ನು ತಾವೇ ನನ್ನ ಹೆಗಲಿಗೆ ಹಾಕಿ, ಪಟ್ಟಿಯನ್ನು ಎಳೆದು ಸರಿಮಾಡಿದರು. “ನೀನು ಇವಳನ್ನು ಯುರೋಪಿಗೇ ಕರ್ಕೊಂಡು ಹೋಗು ಮಾರಾಯ. ಎರಡೆರಡು ಜರ್ಮನ್ ಯುದ್ಧ ತಡ್ಕೊಂಡ ಜನ ಅವರು. ಇವಳನ್ನೂ ತಡ್ಕೊಂಡಾರು!”