ಸೊಸೆಯ ಗಿಟಾರಿಗೆ ಮಾವನ ಚಿಕಿತ್ಸೆ

“ಸ್ಪ್ರಿಂಗ್ ಇರೋ ವಸ್ತು ಯಾವುದೇ ಆಗಿರಲಿ, ನನ್ನ ಕೈ ಸೋಕಿದ್ರೆ ಸಾಕು, ಹೇಳಿದ ಹಾಗೆ ಕೇಳಬೇಕು!”

ಊಟದ ಮೇಜಿನ ಮೇಲೆ ಮಲಗಿದ್ದ ಸೊಸೆಯ ಎಲೆಕ್ಟ್ರಿಕ್ ಗಿಟಾರಿನ ಮುಂದೆ ತೋಳು ಏರಿಸಿ ನಿಂತು ಸ್ಪ್ರಿಂಗಣ್ಣನವರು ಹೀಗೆ ಘೋಷಿಸಿದಾಗ, ಅಡುಗೆಮನೆಯಲ್ಲಿದ್ದ ಅವರ ಹೆಂಡತಿಯ ಎದೆ ಧಸಕ್ಕೆಂದಿತು.

ಸ್ಪ್ರಿಂಗಣ್ಣನವರು ಬದುಕಿಡೀ ಅಂಗಡಿಗಳ ಕಬ್ಬಿಣದ ಶಟರ್ ರಿಪೇರಿ ಮಾಡಿದವರು. ಆನೆಯಷ್ಟು ಭಾರದ ಶಟರ್ ಅವರು ಒಳಗಿನ ಸ್ಪ್ರಿಂಗ್ ತಿರುಚಿದರೆ ಕಿರುಬೆರಳಿಗೆ ಏಳುತ್ತಿತ್ತು. ಬೀದಿಯಲ್ಲಿ ಅವರು ರಾಜ. ಮನೆಯ ಕಥೆ ಬೇರೆ. ಅವರು ಸರಿ ಮಾಡಿದ ಸೋಫಾದ ಮೇಲೆ ಕೂತ ಬೀಗರು ಕೂತದ್ದಕ್ಕಿಂತ ಬೇಗ ಎದ್ದಿದ್ದರು, ಅದೂ ಅವರ ಇಚ್ಛೆಯಿಲ್ಲದೆ!

ಅದಕ್ಕೇ ಇರಬೇಕು, ಮನೆಗೆ ಬಂದ ಹೊಸ ಸೊಸೆ ಮಿಕ್ಸಿ ಕೆಟ್ಟಾಗ ಸದ್ದಿಲ್ಲದೆ ಹೊರಗಿನ ಅಂಗಡಿಗೆ ಒಯ್ದಿದ್ದಳು. ಮನೆಯಲ್ಲೇ ಧನ್ವಂತರಿ ಕಾಲು ಚಾಚಿ ಕೂತಿರುವಾಗ ರೋಗಿ ಹೊರಗೆ ಹೋಗುವುದೆಂದರೇನು! ಆ ಮುಳ್ಳು ಇನ್ನೂ ಚುಚ್ಚುತ್ತಿತ್ತು. ಒಂದು ಸಲ, ಒಂದೇ ಒಂದು ಸಲ, ಸೊಸೆ “ಭೇಷ್ ಮಾವ” ಅಂದುಬಿಡಬೇಕು.

ಆ ದಿನ ಸಂಜೆ ಅವಳಿಗೆ ಪರೀಕ್ಷೆಯಿತ್ತು. ಹೆಸರು ಮಾಡಿದ ವಾದ್ಯತಂಡವೊಂದು ಕರೆದಿತ್ತು. ಒಪ್ಪಿಗೆಯಾದರೆ ತಂಡದ ಜೊತೆ ಊರೂರು ಸುತ್ತಿ ನುಡಿಸಬಹುದು. ಮದುವೆಗೆ ಮುಂಚಿನಿಂದಲೂ ಅವಳು ಕಾದಿದ್ದು ಇದಕ್ಕೇ. ಗಿಟಾರನ್ನು ಸ್ಪೀಕರಿಗೆ ಜೋಡಿಸುವ ವಯರಿಗೆ ಬೆಸುಗೆ ಹಾಕಿಸಲು ಹೊರಟವಳು ಬಾಗಿಲಲ್ಲಿ ನಿಂತು, “ಮಾವ, ಗಿಟಾರನ್ನ ಯಾರೂ ಮುಟ್ಟದ ಹಾಗೆ ನೋಡ್ಕೊಳ್ಳಿ” ಎಂದಳು.

“ನಾನಿರುವಾಗ ಯಾರು ಮುಟ್ತಾರಮ್ಮ!” ಎಂದರು ಸ್ಪ್ರಿಂಗಣ್ಣನವರು. ಅವರ ಲೆಕ್ಕದಲ್ಲಿ ‘ಯಾರೂ’ ಎಂಬವರಲ್ಲಿ ಅವರು ಸೇರಿರಲಿಲ್ಲ.

ಗಿಟಾರಿನ ತುದಿಗೆ ಶ್ರುತಿ ತೋರಿಸುವ ಪುಟ್ಟ ಕ್ಲಿಪ್ ಇತ್ತು. ತಂತಿ ಮೀಟಿದಾಗ ಹಸಿರು ದೀಪ ಬಂದರೆ ಶ್ರುತಿ ಸರಿ, ಕೆಂಪು ಬಂದರೆ ತಪ್ಪು. ಒಂದು ತಂತಿ ಕೂದಲೆಳೆಯಷ್ಟು ಕೆಂಪು ತೋರಿಸಿತು. ಸ್ಪ್ರಿಂಗಣ್ಣನವರು ಬಿರಡೆ ತಿರುಗಿಸಿದರು. ಹಸಿರು! ಪಕ್ಕದ ತಂತಿ ಮೀಟಿದರು. ಕೆಂಪು! ಅದನ್ನು ಬಿಗಿದರು. ಮೊದಲನೆಯದು ಮತ್ತೆ ಕೆಂಪು! ಒಂದನ್ನು ಬಿಗಿದರೆ ಉಳಿದೈದೂ ಸಡಿಲ! ತಕ್ಕಡಿಯಲ್ಲಿ ಕಪ್ಪೆ ತೂಗಿದ ಹಾಗಾಯಿತು.

“ರೀ, ಬಿಟ್ಬಿಡಿ. ಪರರ ವಸ್ತು.”

“ಪರರದ್ದಲ್ಲ ಕಣೇ, ಸೊಸೇದು! ನೋಡಿಲ್ಲಿ, ತಂತಿಗಳ ಬುಡ ಹಿಡ್ಕೊಂಡಿರೋ ಈ ಪಟ್ಟೀನೇ ಭದ್ರವಾಗಿ ಕೂತಿಲ್ಲ. ತ್ರಿಶಂಕು ಹಾಗೆ ಗಾಳೀಲಿ ತೇಲ್ತಿದೆ. ಅದಕ್ಕೊಂದು ಬಾಗಿದ ಕಂಬಿ ಬೇರೆ. ಅಲ್ಲಾಡಿಸಿದ್ರೆ ಎಲ್ಲಾ ಅಲ್ಲಾಡತ್ತೆ. ಅಂಗಡಿಯವನು ಮೋಸ ಮಾಡಿದಾನೆ!”

ಗಿಟಾರನ್ನು ಬೋರಲು ಹಾಕಿ ಹಿಂದಿನ ಮುಚ್ಚಳ ಬಿಚ್ಚಿದರು. ಆಹಾ! ಒಳಗೆ ಸಾಲಾಗಿ ಸ್ಪ್ರಿಂಗುಗಳು! ಪರದೇಶದಲ್ಲಿ ಸ್ವಂತ ತಮ್ಮಂದಿರು ಸಿಕ್ಕಷ್ಟು ಸಂತೋಷವಾಯಿತು. ಸ್ಕ್ರೂಡ್ರೈವರ್ ಹಿಡಿದು ಶಟರಿಗೆ ಬಿಗಿಯುವ ಹಾಗೇ ಬಿಗಿದರು. ಪಟ್ಟಿ ಹಿಂದಕ್ಕೆ ವಾಲಿತು, ತಂತಿಗಳೆಲ್ಲ ಕಿರ್ರೆಂದವು, ಸಣ್ಣ ತಂತಿಯೊಂದು ‘ಟಣ್’ ಎಂದು ಹರಿದು ಅವರ ಮೂಗಿಗೆ ಬಾರಿಸಿತು.

“ಅಯ್ಯೋ!”

“ಅದಕ್ಕೂ ಗೊತ್ತಾಯ್ತು, ಯಾರಿಗೆ ಹೊಡೀಬೇಕು ಅಂತ,” ಎಂದಿತು ಅಡುಗೆಮನೆ.

ಸ್ಪ್ರಿಂಗಣ್ಣನವರು ಮೂಗಿಗೆ ಹೆದರುವವರೇ! ಸೊಸೆಯ ಗಿಟಾರ್ ಡಬ್ಬಿಯಿಂದ ಬೇರೆ ತಂತಿ ತೆಗೆದು ಹಾಕಿದರು. ಪಟ್ಟಿ ಮರಕ್ಕೆ ಕಚ್ಚಿ ಕೂರುವ ತನಕ ಬಿಗಿದರು. ಆಮೇಲೆ ಒಂದೊಂದೇ ತಂತಿಯನ್ನು ಶ್ರುತಿಗೆ ಇಳಿಸಿದರು. ಹಸಿರು, ಹಸಿರು, ಎಲ್ಲಾ ಹಸಿರು! ಒಂದನ್ನು ತಿರುಗಿಸಿದರೂ ಇನ್ನೊಂದು ಮಿಸುಕಲಿಲ್ಲ. ಬೆವರು ಒರೆಸಿಕೊಂಡು, ಬಾಗಿಲ ಬಳಿ ಕುರ್ಚಿ ಹಾಕಿಕೊಂಡು, ಹೊಗಳಿಕೆಗಾಗಿ ಕಾದರು.

ಸೊಸೆ ಬಂದಳು. ಗಿಟಾರ್ ಎತ್ತಿಕೊಂಡಳು. ಕಂಬಿ ಹಿಡಿದು ಮೇಲಕ್ಕೆ ಎಳೆದಳು. ಮುಖ ಬಿಳುಚಿತು.

“ಮಾವ, ಇದ್ಯಾಕೆ ಏಳ್ತಿಲ್ಲ?”

“ಇನ್ನು ಈ ಜನ್ಮದಲ್ಲಿ ಏಳಲ್ಲಮ್ಮ! ಅಷ್ಟು ಭದ್ರ ಮಾಡಿದೀನಿ!”

ಅವಳು ಕುರ್ಚಿಯಲ್ಲಿ ಕುಸಿದಳು. “ಅದು ತೇಲ್ತಾನೇ ಇರಬೇಕು ಮಾವ. ಮುಂದಿನಿಂದ ತಂತಿ ಎಳೀಬೇಕು, ಹಿಂದಿನಿಂದ ಸ್ಪ್ರಿಂಗ್ ಎಳೀಬೇಕು. ಎರಡೂ ಸಮ ಇದ್ರೆ ಕಂಬಿ ಒತ್ತಿದಾಗ ಸ್ವರ ಇಳಿಯತ್ತೆ, ಎತ್ತಿದಾಗ ಏರತ್ತೆ.”

“ಮಗನಿಗೂ ಗಂಡನಿಗೂ ನಡುವೆ ನಾನಿರೋ ಹಾಗೆ,” ಎಂದರು ಅತ್ತೆ.

“ಬಿಚ್ಚಿ ಕೊಡ್ತೀನಮ್ಮ, ಈಗಲೇ.”

“ಮತ್ತೆ ಸಮಕ್ಕೆ ತರೋಕೆ ಅರ್ಧ ದಿನ ಹಿಡಿಯತ್ತೆ. ನಾನು ಈಗ ಹೊರಡಬೇಕು.”

“ಶ್ರುತಿ ಮಾತ್ರ ಜಪ್ಪಯ್ಯ ಅಂದ್ರೂ ಹೋಗಲ್ಲ,” ಎಂದರು ಸ್ಪ್ರಿಂಗಣ್ಣನವರು, ಕೇಳಿಸಿತೋ ಇಲ್ಲವೋ ಎಂಬಷ್ಟು ಮೆಲ್ಲಗೆ.

“ಹೌದು ಮಾವ, ಬಂಡೆ ಹಾಗಿದೆ. ಆದ್ರೆ ಹಾಡಿನ ಕೊನೇಲಿ ಬೆರಳೇ ಇಡದ ಒಂದು ಖಾಲಿ ತಂತಿ ಅಳ್ತಾ ಅಳ್ತಾ ಮೇಲಕ್ಕೆ ಹೋಗಬೇಕು. ನನ್ನ ಎಡಗೈ ಬೆರಳೆಲ್ಲ ಬೇರೆ ತಂತಿ ಮೇಲಿರತ್ತೆ. ಬಂಡೆ ಅಳತ್ತಾ?”

ಅವಳ ಕಣ್ಣು ತುಂಬಿತು. ಸ್ಪ್ರಿಂಗಣ್ಣನವರಿಗೆ ನೆಲ ಬಾಯಿಬಿಟ್ಟರೆ ಒಳಗೆ ಹೋಗಿಬಿಡೋಣ ಎನಿಸಿತು. ಅಷ್ಟರಲ್ಲಿ ಸೊಸೆಯ ನೋಟ ಅವರ ಹೆಬ್ಬೆರಳಿನ ಮೇಲೆ ಬಿತ್ತು. ಕಬ್ಬಿಣ ಒತ್ತಿ ಒತ್ತಿ ಸೌಟಿನಷ್ಟು ಅಗಲವಾಗಿದ್ದ ಹೆಬ್ಬೆರಳು.

“ಮಾವ, ಬಿರಡೆ ಪಕ್ಕದಲ್ಲಿ ತಂತೀನ ಜೋರಾಗಿ ಒತ್ತಿದ್ರೂ ಸ್ವರ ಏರತ್ತೆ. ನಿಮ್ಮ ಹೆಬ್ಬೆರಳು ಬೇಕು.”

“ಬರೀ ಹೆಬ್ಬೆರಳು ಯಾಕಮ್ಮ, ಇಡೀ ಮನುಷ್ಯನನ್ನೇ ತಗೊಂಡು ಹೋಗು!” ಎಂದರು ಅತ್ತೆ. “ಮನೆ ಸಾಮಾನಾದ್ರೂ ಉಳ್ಕೊಳ್ಳಲಿ.”

ಪರೀಕ್ಷೆಯ ಕೋಣೆಯಲ್ಲಿ ವಾದ್ಯತಂಡದ ಗಡ್ಡದ ಯಜಮಾನ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಸೊಸೆ ನುಡಿಸಲು ನಿಂತಳು. ಪಕ್ಕದಲ್ಲಿ ಗಿಟಾರಿನ ತಲೆಗೆ ಕೈಯಿಟ್ಟುಕೊಂಡು, ಜ್ವರ ನೋಡುವ ವೈದ್ಯರ ಹಾಗೆ ಸ್ಪ್ರಿಂಗಣ್ಣನವರು. ಅವಳು ತಲೆಯಾಡಿಸಿದಾಗ ಒತ್ತಬೇಕು, ಅಷ್ಟೇ ಒಪ್ಪಂದ. ಆದರೆ ನುಡಿಸುವವಳು ತಾಳಕ್ಕೂ ತಲೆಯಾಡಿಸುತ್ತಾಳೆಂದು ಯಾರಿಗೆ ಗೊತ್ತಿತ್ತು! ಮೊದಲ ಸಾಲಿಗೇ ಒತ್ತಿದರು. ಗಿಟಾರ್ ಬಾಲ ತುಳಿಸಿಕೊಂಡ ಬೆಕ್ಕಿನಂತೆ ಅರಚಿತು. ಯಜಮಾನನ ಹುಬ್ಬು ಮೇಲೇರಿತು.

“ಈಗಲ್ಲ!” ಎಂದಳು ಸೊಸೆ ಹಲ್ಲು ಕಚ್ಚಿ.

“ತಲೆ ಆಡಿಸಿದ್ಯಲ್ಲಮ್ಮ!”

“ಕಾಲು ತುಳೀತೀನಿ, ಆಗ!”

ಅಲ್ಲಿಂದ ಮುಂದೆ ಅವರು ಉಸಿರು ಬಿಗಿಹಿಡಿದು ತಮ್ಮ ಕಾಲನ್ನೇ ಕಾದರು. ಹಾಡು ಕೊನೆಗೆ ಬಂತು. ಖಾಲಿ ತಂತಿ ಮಿಡಿಯಿತು. ಕಾಲ ಮೇಲೆ ಹಿಮ್ಮಡಿ ಬಿತ್ತು. ನೋವಿಗೂ ಭಯಕ್ಕೂ ನಡುಗುತ್ತಿದ್ದ ಹೆಬ್ಬೆರಳು ತಂತಿಯನ್ನು ಒತ್ತಿತು. ಸ್ವರ ಮೇಲೇರಿತು, ಏರುತ್ತಾ ನಡುಗಿತು, ಬಿಕ್ಕಳಿಸಿತು, ಕೋಣೆಯ ಸೂರಿಗೆ ಹೋಗಿ ನಿಂತಿತು. ಸ್ಪ್ರಿಂಗಣ್ಣನವರ ಕಣ್ಣಲ್ಲೂ ನೀರು. ಹಿಮ್ಮಡಿ ಇನ್ನೂ ಕಾಲ ಮೇಲೇ ಇತ್ತು!

ಯಜಮಾನ ಮೇಲಿಟ್ಟ ಕಾಲನ್ನು ಇಳಿಸಿ ಮುಂದಕ್ಕೆ ಬಾಗಿದ.

“ಕೊನೇ ಸ್ವರ ಹಾಗೆ ಅತ್ತಿದ್ದನ್ನ ನಾನು ಕೇಳೇ ಇರಲಿಲ್ಲ. ನೀನು ನಮ್ಮ ತಂಡಕ್ಕೆ ಬಾಮ್ಮ.”

ಸ್ಪ್ರಿಂಗಣ್ಣನವರ ಎದೆ ಅಂಗಿಯ ಗುಂಡಿ ಹಾರುವಷ್ಟು ಉಬ್ಬಿತು. ಯಜಮಾನ ಅವರನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿದ.

“ಆದ್ರೆ ನಮ್ಮ ವ್ಯಾನು ಚಿಕ್ಕದು. ಗಿಟಾರಿಗೆ ಸಿಕ್ಕಿಸಿದೀಯಲ್ಲ, ಈ ಭಾಗಾನ ಬಿಚ್ಚಿ ಮನೇಲಿಟ್ಟು ಬರಬೇಕು.”

ಸೊಸೆ ಮಾವನ ಕಡೆ ತಿರುಗಿದಳು. ಮದುವೆಯಾದ ಮೇಲೆ ಮೊದಲ ಸಲ ಅವರ ಎದುರು ಬಾಯ್ತುಂಬ ನಕ್ಕಳು.

“ಇಟ್ಟು ಬರ್ತೀನಿ ಸರ್. ಹಳೇದು, ಕಾಟ ಜಾಸ್ತಿ. ಆದ್ರೆ ಎಸೆಯೋಕೆ ಮನಸ್ಸು ಬರಲ್ಲ.”